ಹಿಲ್ಕೆ ಬಾಗಿಲ ಹಿಡಿ ಉಜ್ಜಿದ ದಿನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲು ಬಿಟ್ಟು ಕೆಳಗಿಳಿಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ದೊಡ್ಡ ಪದಗಳೂ ಗೊತ್ತಿಲ್ಲ. ಆದರೆ ಹಿಲ್ಕೆ ಓಸ್ಟರ್‌ಲೋ ನಮ್ಮ ಮೇಲಿನ ಮನೆಯವಳು. ನಡೆದದ್ದನ್ನು ಅವಳ ಬಾಯಿಂದಲೇ ಎರಡು ಸಲ ಕೇಳಿ, ಅನುಮಾನ ಬಂದ ಕಡೆ ಮೂರನೇ ಸಲವೂ ಕೇಳಿ ಬರೆದಿದ್ದೇನೆ.

ಹಿಲ್ಕೆ ಎಂಟು ವರ್ಷದಿಂದ ನಮ್ಮೂರು ಬ್ರೆಮೆನ್ನಿನಲ್ಲಿ ಟ್ರಾಮ್ ಓಡಿಸುತ್ತಿದ್ದಾಳೆ. ಊರಿನ ಚಂದವನ್ನೆಲ್ಲ ಗಾಜಿನೊಳಗಿಂದ ನೋಡಿ ನೋಡಿ, ಒಂದು ದಿನ ಇಳಿದು ಅದನ್ನು ಜನರಿಗೆ ತೋರಿಸಬೇಕು ಎಂಬ ಹುಚ್ಚು ಅವಳಿಗೆ ಹತ್ತಿತು. ಊರು ತೋರಿಸುವವರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಬೇಕಾದರೆ ಪರೀಕ್ಷೆ ಪಾಸಾಗಬೇಕು. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಇಸವಿಗಳನ್ನು ಹರಡಿಕೊಂಡು ಉರು ಹೊಡೆದಳು. ಬರೆಯುವ ಪರೀಕ್ಷೆ ಮುಗಿಯಿತು. ಉಳಿದದ್ದು ನಡೆಯುವ ಪರೀಕ್ಷೆ: ನಿಜವಾದ ಪ್ರವಾಸಿಗರ ಗುಂಪೊಂದನ್ನು ಹತ್ತರಿಂದ ಹನ್ನೆರಡರವರೆಗೆ ಊರು ಸುತ್ತಿಸುವುದು, ಪರೀಕ್ಷಕಿ ಹಿಂದೆ ಪುಸ್ತಕ ಹಿಡಿದು ಬರುವುದು.

ಆ ಪರೀಕ್ಷೆಯ ದಿನಾಂಕವನ್ನು ಹಿಲ್ಕೆ ಎರಡು ಸಲ ಓದಿದಳು. ಅಂದೇ ಅವಳಿಗೆ ಮೂವತ್ತು ತುಂಬುತ್ತಿತ್ತು. ನಮ್ಮಲ್ಲಿ ಮದುವೆಯಾಗದೆ ಮೂವತ್ತು ತುಂಬಿದ ಗಂಡಸು ಡೋಮ್ ಇಗರ್ಜಿಯ ಮೆಟ್ಟಿಲು ಗುಡಿಸಬೇಕು, ಹೆಂಗಸು ಅದರ ಬಾಗಿಲ ಹಿಡಿ ಉಜ್ಜಬೇಕು. ಮದುವೆಯಾಗದವರೊಬ್ಬರು ಮುತ್ತು ಕೊಟ್ಟರೆ ಮಾತ್ರ ಬಿಡುಗಡೆ. ಗೆಳೆಯರು ಇದನ್ನು ಬಿಡುವುದೇ ಇಲ್ಲ. ಅದಕ್ಕೇ ಹಿಲ್ಕೆ ಟ್ರಾಮ್ ಡಿಪೋದಲ್ಲಿ, ಚಿಕ್ಕಮ್ಮ ಇರುವ ದ್ವೀಪಕ್ಕೆ ಹೋಗುತ್ತೇನೆ ಎಂದು ಹೇಳಿ, ತಂತಮ್ಮ ಹುಟ್ಟುಹಬ್ಬಕ್ಕೆ ಎಲ್ಲರೂ ತರುವ ಕೇಕನ್ನೂ ತರದೆ ಜಾರಿಕೊಂಡಿದ್ದಳು.

ಗುಂಪಿನಲ್ಲಿ ಹನ್ನೊಂದು ಜನ (ಮೊದಲು ಹನ್ನೆರಡು ಎಂದು ಬರೆದು ಹೊಡೆದುಹಾಕಿದ್ದೇನೆ). ಎಲ್ಲರೂ ಪಕ್ಕದ ಊರಿನ ಒಂದು ಆಟದ ಸಂಘದವರು. ಮರದ ಗೂಟಗಳಿಗೆ ಚೆಂಡು ಉರುಳಿಸುವವರು, ಹಳದಿ ಅಂಗಿಯವರು. ಕೈಗಾಡಿಯಲ್ಲಿ ಪುಟ್ಟ ಪುಟ್ಟ ಹೆಂಡದ ಬಾಟಲಿಗಳನ್ನು ಎಳೆದುಕೊಂಡು ಬಂದಿದ್ದರು. ಹತ್ತು ಗಂಟೆಗೇ ನಾಲ್ಕು ಬಾಟಲಿ ಖಾಲಿಯಾಗಿದ್ದವು.

ಪರೀಕ್ಷಕಿ ಫ್ರೌ ಕಾಟನ್‌ಹೋರ್ನ್ ನಿವೃತ್ತ ಟೀಚರ್. "ಹನ್ನೆರಡಕ್ಕೆ ನನ್ನ ಪುಸ್ತಕ ಮುಚ್ಚುತ್ತೆ. ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದರು.

ಹಿಲ್ಕೆ ಶುರು ಮಾಡಿದಳು. ಶ್ನೂರ್ ಎಂಬ ಹಳೇ ಕೇರಿಯ ಇಕ್ಕಟ್ಟಿನ ಓಣಿಗಳಲ್ಲಿ ಸಾಲಾಗಿ ನಡೆಸಿದಳು, ಪಿಂಗಾಣಿ ಗಂಟೆಗಳ ಕೆಳಗೆ ನಿಲ್ಲಿಸಿದಳು. "ನಿಮ್ಮ ಎಡಕ್ಕೆ ಪುರಭವನ. ನಿಮ್ಮ ಬಲಕ್ಕೆ ವರ್ತಕರ ಮನೆ." ಇಸವಿ ಒಂದೂ ತಪ್ಪಲಿಲ್ಲ. ಆದರೂ ಫ್ರೌ ಕಾಟನ್‌ಹೋರ್ನ್ ಒಂದಕ್ಷರ ಬರೆಯಲಿಲ್ಲ. ಉಗುಳುವ ಕಲ್ಲಿನ ಹತ್ತಿರ ಮಾತ್ರ ಹಳದಿ ಅಂಗಿಯವರಿಗೆ ಜೀವ ಬಂತು. ಹಿಂದೆ ಜನರಿಗೆ ವಿಷ ಹಾಕಿ ಕೊಂದವಳೊಬ್ಬಳ ನೆನಪಿಗೆ ಊರಿನವರು ಇಂದಿಗೂ ಉಗುಳುವ ಕಲ್ಲು ಅದು. ಸಾಲಾಗಿ ನಿಂತು, ಯಾರ ಗುರಿ ನೆಟ್ಟಗಿದೆ ಎಂದು ಪಂದ್ಯವನ್ನೇ ಹೂಡಿಬಿಟ್ಟರು.

ಹನ್ನೊಂದೂಕಾಲಿಗೆ ಹಿಲ್ಕೆ ಗುಂಪನ್ನು ನದಿಯ ಕಡೆಗೆ ತಿರುಗಿಸಿದಳು.

"ಇದೇನಿದು ಫ್ರೌ ಓಸ್ಟರ್‌ಲೋ?" ಪರೀಕ್ಷಕಿ ಕನ್ನಡಕ ಇಳಿಸಿದರು. "ಡೋಮಿನ ಬಾಗಿಲಿಗೆ ಹೋಗದೇನೇ ಬ್ರೆಮೆನ್ ತೋರಿಸ್ತೀರಾ?"

"ದೂರದಿಂದ ಇನ್ನೂ ಚೆನ್ನಾಗಿ ಕಾಣುತ್ತೆ ಮೇಡಂ..."

"ಹತ್ತಿರದಿಂದ ನೋಡೋಣ."

ಮೂಲೆ ತಿರುಗಿದ್ದೇ ತಡ, ಕೈಯಿಂದ ತಿರುಗಿಸುವ ಸಂಗೀತದ ಪೆಟ್ಟಿಗೆ ಕುಂಯ್ ಎಂದಿತು. ಮೆಟ್ಟಿಲ ಮೇಲೆ ಇಡೀ ಡಿಪೋ ನಿಂತಿತ್ತು! ಮುಂದೆ ಹಿಲ್ಕೆಯ ಗೆಳತಿ ಸ್ವಾಂಟ್ಯೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

"ಏನೇ, ದ್ವೀಪ ಹೇಗಿದೆ? ಚಿಕ್ಕಮ್ಮ ಸೌಖ್ಯಾನಾ?"

"ಸ್ವಾಂಟ್ಯೆ, ಕೈ ಮುಗಿತೀನಿ. ಪರೀಕ್ಷೆ ನಡೀತಿದೆ ಕಣೆ!"

"ನಡೀಲಿ ಬಿಡು, ನಾವೇನು ನಿನ್ನ ಬಾಯಿ ಕಟ್ಟಿದ್ವಾ? ಕೇಕ್ ತರದೆ ಓಡಿಹೋದವಳಿಗೆ ಮಾಫಿ ಇಲ್ಲ. ಹುಟ್ಟಿದ ದಿನ ಗೋಡೆ ಮೇಲಿನ ಪಟ್ಟಿಯಲ್ಲೇ ಇತ್ತಲ್ಲೇ, ಪೆದ್ದಿ! ಬೆಳಿಗ್ಗೆ ಗುಂಪು ಕಟ್ಕೊಂಡು ಹೊರಟದ್ದೂ ಟ್ರಾಮಿಂದಲೇ ಕಂಡಿತು!"

ನಾಲ್ಕು ಜನ ಅವಳನ್ನು ಎತ್ತಿಯೇ ಬಾಗಿಲ ಮುಂದಿಟ್ಟರು. ಹಿತ್ತಾಳೆಯ ಹಿಡಿಗೆ ಸಾಸಿವೆ ಸಾಸು, ಬೂಟಿನ ಪಾಲಿಶ್, ಪ್ಲಮ್ ಜಾಮ್ ಎಲ್ಲ ಮೆತ್ತಿದ್ದರು. ತಲೆಗೆ ಜರಿಯ ಟೊಪ್ಪಿಗೆ, ಸೊಂಟಕ್ಕೆ ಹೂವಿನ ಏಪ್ರನ್. ಹಳದಿ ಅಂಗಿಯವರು ಇದೂ ಪ್ರವಾಸದ ಭಾಗವೇ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಫ್ರೌ ಕಾಟನ್‌ಹೋರ್ನ್ ಗಡಿಯಾರ ನೋಡಿದರು. ಹನ್ನೊಂದೂ ಇಪ್ಪತ್ತೈದು.

ಹಿಲ್ಕೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಲೆಯೊಳಗಿದ್ದ ಇಸವಿಗಳೆಲ್ಲ ಕಂಬಿ ಕಿತ್ತವು. ಉಜ್ಜುತ್ತಲೇ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು.

"ನೋಡಿ, ನಾನು ಭೂಮಿ ಮೇಲೆ ಇರೋದಕ್ಕೇ ಈ ಮೆಟ್ಟಿಲು ಕಾರಣ. ನಮ್ಮಜ್ಜ ಇಲ್ಲೇ ಗುಡಿಸ್ತಿದ್ದ. ಅವನು ಗುಡಿಸಿದಷ್ಟೂ ಗೆಳೆಯರು ಬಾಟಲಿ ಮುಚ್ಚಳ ಸುರೀತಿದ್ರು, ಬಕೆಟ್‌ಗಟ್ಟಲೆ! ಮೂರು ಗಂಟೆ ಹೊತ್ತು ಒಬ್ಬಳೂ ಬರಲಿಲ್ಲ. ಅಜ್ಜ ಅಷ್ಟೇನೂ ಚೆಲುವ ಅಲ್ಲ, ನನ್ನ ಮೂಗು ನೋಡಿದ್ರೆ ಗೊತ್ತಾಗುತ್ತಲ್ಲ."

ಹಳದಿ ಅಂಗಿಯವರು ಹತ್ತಿರ ಸರಿದರು.

"ನಮ್ಮಜ್ಜಿ ಸಂತೆಯಲ್ಲಿ ಹೊಗೆ ಹಾಕಿದ ಹಾವುಮೀನು ಮಾರಿ ಮನೆಗೆ ಹೊರಟಿದ್ಲು. ಇವನು ಪೊರಕೆ ಹಿಡ್ಕೊಂಡು ದಾರಿಗೆ ಅಡ್ಡ. 'ಜಾಗ ಬಿಡೋ' ಅಂದ್ಲು. 'ಮುತ್ತು ಕೊಡದೆ ನಾನು ಅಲುಗೋ ಹಾಗಿಲ್ಲ' ಅಂದ. ಟ್ರಾಮ್ ತಪ್ಪುತ್ತೆ ಅಂತ ಕೊಟ್ಟೇ ಬಿಟ್ಲು! ಆದ್ರೂ ಟ್ರಾಮ್ ತಪ್ಪಿತು. ಆಮೇಲೆ ಐವತ್ತೊಂದು ವರ್ಷ ಅದಕ್ಕೇ ಜಗಳ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾರಿಹೋಕರೂ ನಿಂತರು. ಕಲ್ಲು, ಗಂಟೆ, ಕಿಟಕಿ, ಪಾರಿವಾಳ — ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹಿಲ್ಕೆಯ ಹತ್ತಿರ ಒಂದು ಕತೆ ಇತ್ತು. ಹಿಡಿ ಫಳಫಳ ಹೊಳೆಯಿತು. ಸ್ವಾಂಟ್ಯೆ ಬಂದು ಮತ್ತೆ ಜಾಮ್ ಬಳಿದಳು.

ಹನ್ನೆರಡಕ್ಕೆ ಆರು ನಿಮಿಷ. ಪರೀಕ್ಷೆಯ ಕೊನೆಗೆ ಗುಂಪನ್ನು ಹೊರಟ ಜಾಗಕ್ಕೇ ಮುಟ್ಟಿಸಬೇಕಿತ್ತು. ಬಂದಿದ್ದ ಡಿಪೋದ ಹುಡುಗರೆಲ್ಲ ಮದುವೆಯಾದವರು, ಸ್ವಾಂಟ್ಯೆ ಬೇಕೆಂದೇ ಆರಿಸಿ ಕರೆತಂದಿದ್ದಳು.

"ಯಾರಾದ್ರೂ ಮದುವೆ ಆಗದೋರು ಇದ್ದೀರಾ?" ಹಿಲ್ಕೆ ಬ್ರಷ್ ಎತ್ತಿ ಕೂಗಿದಳು.

ಹಳದಿ ಅಂಗಿಯೊಂದು ಮೆಲ್ಲಗೆ ಕೈ ಎತ್ತಿತು. ಹೆರ್ ಗೆರ್ಕೆನ್. ವಯಸ್ಸು ಎಪ್ಪತ್ತೆಂಟು. ಕಿವಿಯವರೆಗೂ ಕೆಂಪಾಗಿದ್ದರು.

"ನಾನಿದೀನಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

"ಆಗಲ್ಲ ಆಗಲ್ಲ! ತಾತ, ಹುಡುಗನೇ ಆಗಬೇಕು!" ಸ್ವಾಂಟ್ಯೆ ಅಡ್ಡ ನಿಂತಳು.

"ಸರಿಯಿರಿ" ಎಂದರು ಫ್ರೌ ಕಾಟನ್‌ಹೋರ್ನ್, ತರಗತಿಯ ದನಿಯಲ್ಲಿ. "ಮದುವೆಯಾಗಿರಬಾರದು, ಅಷ್ಟೇ. ವಯಸ್ಸಿನ ಮಾತು ಎಲ್ಲೂ ಇಲ್ಲ. ಹೆರ್ ಗೆರ್ಕೆನ್, ಮುಂದೆ ಬನ್ನಿ."

ಹೆರ್ ಗೆರ್ಕೆನ್ ಟೊಪ್ಪಿ ತೆಗೆದು, ಬಾಯಿ ಒರೆಸಿಕೊಂಡು, ಹಿಲ್ಕೆಯ ಕೆನ್ನೆಗೆ ಒಂದು ಮುತ್ತಿಟ್ಟರು. ಅವರ ತುಟಿಗೆ ಬೂಟಿನ ಪಾಲಿಶ್ ಮೆತ್ತಿಕೊಂಡಿತು. ಚೌಕವೇ ಹೋ ಎಂದಿತು. ಹಿಲ್ಕೆ ಏಪ್ರನ್ನಿನಲ್ಲೇ ಓಡಿದಳು. ಹಿಂದೆ ಹಳದಿ ಅಂಗಿಗಳು, ಗಲಗಲ ಎನ್ನುವ ಕೈಗಾಡಿ, ಸಂಗೀತದ ಪೆಟ್ಟಿಗೆ, ಇಡೀ ಡಿಪೋ. ಗಂಟೆ ಹನ್ನೆರಡು ಹೊಡೆಯುವಾಗ ಎಲ್ಲರೂ ಏದುಸಿರು ಬಿಡುತ್ತಾ ಹೊರಟ ಜಾಗದಲ್ಲಿದ್ದರು.

ಫ್ರೌ ಕಾಟನ್‌ಹೋರ್ನ್ ಪುಸ್ತಕ ತಿರುಗಿಸಿ ತೋರಿಸಿದರು. ಮೊದಲ ಪುಟ ಖಾಲಿ. ಎರಡನೆಯದು ತುಂಬಿತ್ತು.

"ಮೊದಲು ನೀವು ಟ್ರಾಮ್ ಓಡಿಸ್ತಾ ಇದ್ರಿ ಫ್ರೌ ಓಸ್ಟರ್‌ಲೋ. ಊರು ತೋರಿಸಿದ್ದು ಆಮೇಲೆ. ಅರ್ಧಕ್ಕೆ ಪಾಸು ಕೊಡೋಕೆ ನನಗೆ ಬರಲ್ಲ. ಮಂಗಳವಾರ ಹತ್ತು ಗಂಟೆಗೆ ಮೊದಲರ್ಧ ಮತ್ತೆ ಮಾಡಿ. ಈ ಬಾಯಿಂದಲೇ. ಬ್ರಷ್ ಬೇಡ."

"ಹಾಗಾದ್ರೆ ಇವತ್ತಿನ ದ್ವಿತೀಯಾರ್ಧ?"

"ಅದು ಪಾಸು. ಅದನ್ನ ಮತ್ತೆ ಮುಟ್ಟಬೇಡಿ."

ಸ್ವಾಂಟ್ಯೆ ಅವಳನ್ನು ಎತ್ತಿ ಗಿರಗಿರ ತಿರುಗಿಸಿದಳು, ಇಬ್ಬರೂ ಸಾಸಿವೆಮಯವಾದರು.

ಮಂಗಳವಾರಕ್ಕೆ ಗುಂಪಿನಲ್ಲಿ ಒಬ್ಬರು ಕಡಿಮೆ ಇದ್ದಾರಂತೆ. ಆ ಜಾಗಕ್ಕೆ ನಾನು ಹೋಗುತ್ತೇನೆ.