ಎರಡು ದೇಶಗಳ ಲೆಕ್ಕದಲ್ಲಿ ಒಂದೇ ಬೀಗ

ಚಿದಾನಂದನಿಗೆ ಬೀಗ ಮಾಡುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಕಲಿಯಬೇಕೆಂಬ ಆಸೆಯೂ ಇರಲಿಲ್ಲ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಪೀಣ್ಯದ ಒಂದು ಶೆಡ್ಡಿನಲ್ಲಿ ಆರು ವರ್ಷ ಅಚ್ಚು ಕೊರೆದು, 1988ರಲ್ಲಿ ನೈರೋಬಿಗೆ ಬಂದಿದ್ದ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿ ಮನೆತನವೊಂದು ನಡೆಸುತ್ತಿದ್ದ ಬೀಗದ ಫ್ಯಾಕ್ಟರಿ ಅವನನ್ನು ಎರಡು ವರ್ಷದ ಕರಾರಿನ ಮೇಲೆ ಕರೆಸಿಕೊಂಡಿತ್ತು. ಎರಡು ಹೋಗಿ ಹತ್ತೊಂಬತ್ತಾಯಿತು. ಈಗ ಅವನು ಪ್ರೊಡಕ್ಷನ್ ಮ್ಯಾನೇಜರ್. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆ ಫ್ಲ್ಯಾಟು, ಹೆಂಡತಿ ನಿರುಪಮಾ, ಎ-ಲೆವೆಲ್, ಎಂದರೆ ನಮ್ಮ ಪಿಯುಸಿ, ಓದುತ್ತಿರುವ ಮಗಳು ವಿಭಾ.

ಫ್ಯಾಕ್ಟರಿಯ ಬೀಗಕ್ಕೆ ‘ಕಿಫಾರು’ ಎಂದು ಹೆಸರು, ಎಂದರೆ ಘೇಂಡಾಮೃಗ. ಬೀಗದ ಹೊಟ್ಟೆಯ ಮೇಲೆ ಆ ಪ್ರಾಣಿಯ ಮುದ್ರೆ ಇರುತ್ತಿತ್ತು. ಆ ಮುದ್ರೆಯ ಅಚ್ಚನ್ನು ಕೊರೆದವನು ಓಚಿಯೆಂಗ್. ಚಿದಾನಂದ ಬಂದ ವರ್ಷ ಕಸ ಗುಡಿಸಲು ಸೇರಿದ್ದವನು, ಅವನ ಕೈಕೆಳಗೆ ಕಲಿತು ಐದೇ ವರ್ಷದಲ್ಲಿ ಗುರುವನ್ನು ಮೀರಿಸುವ ಅಚ್ಚುಗಾರನಾಗಿ ಬೆಳೆದಿದ್ದ. ಅರವತ್ತನಾಲ್ಕು ಜನ ಸೇರಿ ವರ್ಷಕ್ಕೆ ನಾಲ್ಕು ಲಕ್ಷ ಬೀಗ ಮಾಡುತ್ತಿದ್ದರು.

ಪ್ರತಿ ವರ್ಷ ಮಾರ್ಚಿನಲ್ಲಿ ಸರ್ಕಾರದ ಅಂಕಿಅಂಶ ಕಚೇರಿಯಿಂದ ಮ್ವೆಂಡೆ ಎಂಬ ಹೆಂಗಸು ಒಂದು ಫಾರಂ ಹಿಡಿದು ಬರುತ್ತಿದ್ದಳು. ಎಷ್ಟು ತಯಾರಿಸಿದಿರಿ, ಅದಕ್ಕೆ ಏನೇನು ಕೊಂಡಿರಿ, ಎಷ್ಟು ಕರೆಂಟು ಉರಿಸಿದಿರಿ. ಬೇರೆ ಫ್ಯಾಕ್ಟರಿಗಳಲ್ಲಿ ಆ ಫಾರಮ್ಮನ್ನು ಗುಮಾಸ್ತರ ಕಡೆ ಎಸೆಯುತ್ತಿದ್ದರು. ಚಿದಾನಂದ ಮಾತ್ರ ಮೊದಲು ಪೆನ್ಸಿಲ್ಲಿನಲ್ಲಿ ತುಂಬಿ, ಎರಡು ಸಲ ತಾಳೆ ನೋಡಿ, ಆಮೇಲೆ ಪೆನ್ನು ಮುಟ್ಟುತ್ತಿದ್ದ. ದೇಶ ಅವನದಲ್ಲ, ನಿಜ. ಆದರೂ ದೇಶದ ಲೆಕ್ಕದಲ್ಲಿ ತನ್ನ ಬೀಗಕ್ಕೂ ಒಂದು ಜಾಗ ಇದೆ ಎಂಬುದು ಅವನಿಗೆ ಹೆಮ್ಮೆಯ ಮಾತಾಗಿತ್ತು. ಒಂದು ವರ್ಷ ಅವನು ಮಾರಾಟದ ಮೊತ್ತವನ್ನೇ ಉತ್ಪಾದನೆ ಎಂದು ಬರೆದಿದ್ದಾಗ ಮ್ವೆಂಡೆ ನಗುತ್ತಾ ತಿದ್ದಿದ್ದಳು.

“ಮಿಸ್ಟರ್ ಚಿದಾನಂದ, ಹಿತ್ತಾಳೆ ನೀವು ಕೊಂಡದ್ದು. ಅದನ್ನು ಬೇರೆ ಯಾರೋ ಮಾಡಿದ್ದಾರೆ, ಅವರ ಲೆಕ್ಕದಲ್ಲಿ ಅದು ಬಂದಾಯಿತು. ಹಿತ್ತಾಳೆ ಬೀಗ ಆಗುವ ತನಕ ನೀವು ಸೇರಿಸಿದ್ದು ಎಷ್ಟೋ ಅಷ್ಟೇ ನಿಮ್ಮದು. ಅಂಥವನ್ನೆಲ್ಲ ಕೂಡಿಸಿದರೆ ದೇಶದ ಉತ್ಪಾದನೆ.”

ಆ ಮಾತು ಅವನ ಮನಸ್ಸಿನಲ್ಲಿ ನಾಟಿತ್ತು.

ಚೀನಾದ ಬೀಗಗಳು ರಿವರ್ ರೋಡಿನ ಅಂಗಡಿಗಳಿಗೆ ಬರತೊಡಗಿದಾಗ ಅವನು ಒಂದಿಷ್ಟನ್ನು ತಂದು ಗರಗಸದಲ್ಲಿ ಸೀಳಿ ನೋಡಿದ. ಹೊರಗೆ ಹಿತ್ತಾಳೆಯ ತೆಳು ಲೇಪ, ಒಳಗೆ ಸತುವಿನ ಎರಕ. “ಒಂದು ಮಳೆಗಾಲ ಬರಲ್ಲ ಇದು,” ಎಂದು ನಕ್ಕಿದ್ದ. ಆದರೆ ಆ ಬೀಗದ ಬೆಲೆಗೆ ಅವನು ಹಿತ್ತಾಳೆಯನ್ನೂ ಕೊಳ್ಳಲಾರ ಎಂದು ತಿಳಿದ ದಿನ ನಗು ನಿಂತಿತು. ಹಳೆಯ ಯಜಮಾನರು ತೀರಿಕೊಂಡು ಮಗ ಕಿಶನ್ ಕುರ್ಚಿಗೆ ಬಂದಿದ್ದ. 2005ರಲ್ಲಿ ಅವನು ಚಿದಾನಂದನನ್ನೇ ಚೀನಾಕ್ಕೆ ಕಳಿಸಿದ, ಒಳ್ಳೆ ಮಾಲು ಯಾವುದೆಂದು ಆರಿಸಿಕೊಂಡು ಬರಲು.

ಅಲ್ಲಿ ಕಂಡದ್ದು ಬೀದಿಗೆ ಬೀದಿಯೇ ಬೀಗ ಮಾಡುವ ಊರು. ಒಂದು ಮನೆಯಲ್ಲಿ ಸ್ಪ್ರಿಂಗು, ಪಕ್ಕದ ಮನೆಯಲ್ಲಿ ಬರೀ ಕೊಂಡಿ, ಮೂಲೆಯ ಫ್ಯಾಕ್ಟರಿಯಲ್ಲಿ ಜೋಡಣೆ. ಕೆಲಸದ ಚುರುಕು ನೋಡಿ ಚಿದಾನಂದ ಬೆರಗಾದ. ಊಟದ ಹೊತ್ತಿನಲ್ಲಿ ಅಲ್ಲಿಯ ಮ್ಯಾನೇಜರನನ್ನು ದುಭಾಷಿಯ ಮೂಲಕ ಕೇಳಿದ: ವರ್ಷಕ್ಕೆ ಎಷ್ಟು ಬೆಳೆಯುತ್ತೀರಿ? ಆ ಮನುಷ್ಯ ಮೇಜಿನ ಮೇಲಿದ್ದ ಒಂದು ಕಾಗದವನ್ನು ತಟ್ಟಿ ಹೇಳಿದ: “ಜಿಲ್ಲೆಯವರು ಹದಿನಾರು ಪರ್ಸೆಂಟ್ ಅಂತ ಮೊದಲೇ ಕಳಿಸಿದ್ದಾರೆ. ಅದಕ್ಕೆ ಕಡಿಮೆ ಬರೆದರೆ ಫೋನ್ ಬರುತ್ತದೆ.” ಅಲ್ಲಿ ಕೆಲಸ ಸುಳ್ಳಲ್ಲ, ಕಣ್ಣಾರೆ ಕಂಡದ್ದು. ಆದರೆ ಅಂಕಿ ಮಾತ್ರ ಕೆಲಸಕ್ಕಿಂತ ಮುಂಚೆ ಹುಟ್ಟುತ್ತಿತ್ತು. ನಮ್ಮಲ್ಲಿ ಹಾಗಿಲ್ಲವಲ್ಲ ಎಂದು ಅವನು ಸಮಾಧಾನಪಟ್ಟುಕೊಂಡ.

ಮರುವರ್ಷದ ಮೊದಲ ವಾರದಲ್ಲೇ ನೈರೋಬಿಯಲ್ಲಿ ಹಿತ್ತಾಳೆ ಒತ್ತಿ ಬೀಗ ಮಾಡುವ ಪ್ರೆಸ್ ಶಾಪಿಗೆ ಬಾಗಿಲು ಹಾಕಿದರು. ಘೇಂಡಾಮೃಗದ ಮುದ್ರೆ ಈಗ ಚೀನಾದಲ್ಲೇ ಬೀಳುತ್ತಿತ್ತು. ಓಚಿಯೆಂಗ್ ಸೇರಿದಂತೆ ಐವತ್ತೆರಡು ಜನರನ್ನು ಮನೆಗೆ ಕಳಿಸಿದರು. ಉಳಿದ ಹನ್ನೆರಡು ಹೆಂಗಸರಿಗೆ ರಟ್ಟಿನ ಪೆಟ್ಟಿಗೆ ಒಡೆದು ಬೀಗವನ್ನು ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ತುಂಬುವ ಕೆಲಸ. ಗೇಟಿನ ಮೇಲೆ ‘ಬೀಗ ತಯಾರಕರು’ ಎಂಬ ಬೋರ್ಡು ಹಾಗೇ ಇತ್ತು.

2007ರ ಮಾರ್ಚಿನಲ್ಲಿ ಮ್ವೆಂಡೆ ಬಂದಳು. ಚಿದಾನಂದ ತಯಾರಿಸಿದ ಬೀಗಗಳ ಎದುರು ಸೊನ್ನೆ ಬರೆದ. ಕೊಂಡು ಮಾರಿದ ಸರಕು ಎಂಬ ಕಡೆ ಹನ್ನೊಂದು ಲಕ್ಷ ಎಂದು ಬರೆದು, ಸಹಿಗಾಗಿ ಕಿಶನ್‌ನ ಮೇಜಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ಕರೆ ಬಂತು.

“ಅಂಕಲ್, ಈ ಸೊನ್ನೆ ಏನು?” ಕಿಶನ್ ಹಿಂದಿಯಲ್ಲಿ ಕೇಳಿದ.

“ನಾವು ಬೀಗ ಮಾಡ್ಲಿಲ್ಲ. ಅದಕ್ಕೆ ಸೊನ್ನೆ.”

“ಪ್ಯಾಕ್ ಮಾಡ್ತೀವಲ್ಲ? ಪ್ಯಾಕಿಂಗ್ ಕೆಲಸ ಅಲ್ವಾ?”

“ಕೆಲಸವೇ. ಪ್ಯಾಕಿಂಗ್ ಅಂತ ಬೇರೆ ಕಡೆ ಬರೆದಿದ್ದೀನಿ. ಬೀಗ ಅಂತ ಬರೆಯೋಕಾಗಲ್ಲ.”

ಕಿಶನ್ ಜೋರು ಮಾಡುವವನಲ್ಲ. ಅದೇ ಕಷ್ಟ. “ನೋಡಿ, ತಯಾರಕರು ಅನ್ನೋ ಹೆಸರು ಹೋದರೆ ಸುಂಕದ ರಿಯಾಯಿತಿ ಹೋಗುತ್ತೆ. ತಯಾರಕರ ಸಂಘದವರು ಈ ಸಲ ನಮಗೆ ಬೆಳವಣಿಗೆಯ ಪ್ರಶಸ್ತಿ ಕೊಡೋ ಮಾತಾಡ್ತಿದ್ದಾರೆ. ನಾಲ್ಕು ಲಕ್ಷದಿಂದ ಹನ್ನೊಂದು ಲಕ್ಷ! ನಿಮಗೆ ಖುಷಿ ಆಗಲ್ವಾ?”

ಕಿಶನ್ ಹೊಸ ಫಾರಂ ತರಿಸಿ, ತಯಾರಿಸಿದ ಬೀಗಗಳು ಹನ್ನೊಂದು ಲಕ್ಷ ಎಂದು ತಾನೇ ತುಂಬಿ, ತಾನೇ ಸಹಿ ಹಾಕಿ ಕಳಿಸಿದ.

ಚಿದಾನಂದ ಅದನ್ನು ಅಲ್ಲಿಗೇ ಬಿಡಲಿಲ್ಲ. ಶುಕ್ರವಾರ ರಜೆ ಹಾಕಿ ಊರ ನಡುವಿನ ಪೇಟೆಯಲ್ಲಿದ್ದ ಮ್ವೆಂಡೆಯ ಕಚೇರಿಗೆ ಹೋದ. ಲಿಫ್ಟು ಕೆಟ್ಟಿತ್ತು. ಏಳು ಮಹಡಿ ಹತ್ತಿದ. ಫೈಲುಗಳ ನಡುವೆ ಕೂತಿದ್ದ ಮ್ವೆಂಡೆ ಅವನ ಮಾತನ್ನೆಲ್ಲ ಕೇಳಿಸಿಕೊಂಡಳು.

“ನೀವು ಹೇಳುವುದು ನಿಜ ಅಂತ ನನಗೆ ಗೊತ್ತು. ನಾನು ಬಂದಾಗ ಪ್ರೆಸ್ಸುಗಳ ಸದ್ದೇ ಇರಲಿಲ್ಲ. ಆದರೆ ಫಾರಮ್ಮಿನ ಮೇಲೆ ಡೈರೆಕ್ಟರ್ ಸಹಿ ಇದೆ. ಕಂಪನಿಯ ಪತ್ರ ಇಲ್ಲದೆ ನಿಮ್ಮ ಬಾಯಿಮಾತನ್ನು ನಾನು ಎಲ್ಲಿ ಬರೆಯಲಿ?”

“ಒಂದು ಸಲ ಬಂದು ಪರೀಕ್ಷೆ ಮಾಡಿ.”

“ಇಡೀ ಇಂಡಸ್ಟ್ರಿಯಲ್ ಏರಿಯಾಗೆ ನಾವು ಮೂರು ಜನ. ಕಾರು ಒಂದು. ಅದೂ ಗ್ಯಾರೇಜಿನಲ್ಲಿದೆ.” ಅವಳು ನಿಟ್ಟುಸಿರು ಬಿಟ್ಟಳು. “ಇನ್ನೊಂದು ವಿಷಯ ಹೇಳಿದರೆ ನಿಮಗೆ ಇನ್ನೂ ಸಿಟ್ಟು ಬರುತ್ತದೆ. ಒಂದು ಬೀಗಕ್ಕೆ ನೀವು ಎಷ್ಟು ಮೌಲ್ಯ ಸೇರಿಸುತ್ತೀರಿ ಅಂತ ನಾವು ವರ್ಷ ವರ್ಷ ಲೆಕ್ಕ ಹಾಕುವುದಿಲ್ಲ. 2001ರಲ್ಲಿ ಒಂದು ಪ್ರಮಾಣ ನಿಗದಿ ಮಾಡಿದ್ದೇವೆ. ಬೀಗದ ಸಂಖ್ಯೆಯನ್ನು ಅದರಿಂದ ಗುಣಿಸುತ್ತೇವೆ.”

“ಅಂದರೆ, ನಾವು ಚೀನಾದಿಂದ ಹೆಚ್ಚು ತರಿಸಿದಷ್ಟೂ ಕೆನ್ಯಾ ಹೆಚ್ಚು ತಯಾರಿಸಿದ ಹಾಗೆ ಲೆಕ್ಕ?”

“ನಿಮ್ಮ ಫ್ಯಾಕ್ಟರಿಯ ಮಟ್ಟಿಗೆ, ಹೌದು.”

“ಆ ಬೀಗ ಚೀನಾದಲ್ಲಿ ಒಂದು ಸಲ ಎಣಿಕೆಯಾಗಿದೆ. ಅವರ ಹದಿನಾರು ಪರ್ಸೆಂಟಿನಲ್ಲಿ ಅದು ಇದೆ. ಈಗ ಇಲ್ಲೂ ಎಣಿಸ್ತೀರಾ?”

“ಆಮದನ್ನು ಇನ್ನೊಂದು ಟೇಬಲ್ಲಿನಲ್ಲಿ ಕಳೆಯುತ್ತೇವೆ. ಖರ್ಚಿನ ಕಡೆಯಿಂದ ಲೆಕ್ಕ ಹಾಕುವಾಗ. ಎರಡು ಟೇಬಲ್ಲೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ಕೊನೆಯಲ್ಲಿ ‘ವ್ಯತ್ಯಾಸ’ ಅಂತ ಒಂದು ಸಾಲು ಇರುತ್ತದೆ.” ಮ್ವೆಂಡೆ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು. “ನಿಮ್ಮ ಬೀಗಗಳು ಇಲ್ಲಿರುತ್ತವೆ.”

ಅವನು ಆ ಸಾಲನ್ನೇ ನೋಡಿದ. ಆಮೇಲೆ ತಟ್ಟನೆ ಓಚಿಯೆಂಗ್ ನೆನಪಾದ. ಕೆಲಸ ಹೋದ ಮೇಲೆ ಅವನು ಕಮುಕುಂಜಿಯ ಜುವಾ ಕಾಲಿಯಲ್ಲಿ, ಎಂದರೆ ತಗಡಿನ ನೆರಳೂ ನೆಟ್ಟಗಿಲ್ಲದೆ ಬಿಸಿಲಲ್ಲೇ ಕೂತು ಕೆಲಸ ಮಾಡುವವರ ಸಂತೆಯಲ್ಲಿ, ಹಳೆ ಡ್ರಮ್ಮುಗಳ ತಗಡಿನಿಂದ ಬಾಗಿಲ ಕೀಲು, ಚಿಲಕ ಮಾಡುತ್ತಿದ್ದ. “ಹಾಗಾದರೆ ನಮ್ಮ ಓಚಿಯೆಂಗ್‌ನನ್ನಾದರೂ ಎಣಿಸಿ. ದಿನಕ್ಕೆ ನೂರಿಪ್ಪತ್ತು ಕೀಲು ಮಾಡ್ತಾನೆ. ಕಸದಿಂದ. ಅದರಲ್ಲಿ ಎಲ್ಲವೂ ಅವನೇ ಸೇರಿಸಿದ್ದು.”

“ಲೈಸೆನ್ಸ್ ಇದೆಯಾ? ವಿಳಾಸ?”

“ಇಲ್ಲ.”

“ಹಾಗಾದರೆ ನನ್ನ ಪಟ್ಟಿಯಲ್ಲಿ ಅವನಿಲ್ಲ. ಅಂಥವರಿಗೆಲ್ಲ ಸೇರಿಸಿ ಹಳೆಯ ಸರ್ವೆಯಿಂದ ಒಂದು ಅಂದಾಜು ಹಾಕುತ್ತೇವೆ.” ಅವಳ ದನಿಯಲ್ಲೂ ಬೇಸರವಿತ್ತು. “ಮಿಸ್ಟರ್ ಚಿದಾನಂದ, ಫಾರಮ್ಮನ್ನು ಪೆನ್ಸಿಲ್ಲಿನಲ್ಲಿ ತುಂಬಿ ಆಮೇಲೆ ಪೆನ್ನು ಹಿಡಿಯುವವರು ನನ್ನ ಪಟ್ಟಿಯಲ್ಲಿ ನೀವೊಬ್ಬರೇ ಇದ್ದಿರಿ.”

ಅವನು ಏಳು ಮಹಡಿ ಇಳಿದು ಮನೆಯ ದಾರಿ ಹಿಡಿದ.

ಅಂದು ಊಟಕ್ಕೆ ಕೂತಾಗ ವಿಭಾ ಕಾಲೇಜಿನ ಪ್ರಬಂಧದ ಮಾತು ತೆಗೆದಳು. ವಿಷಯ, ಚೀನಾದ ಬೆಳವಣಿಗೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. “ಡಬಲ್ ಡಿಜಿಟ್, ಅಪ್ಪಾ! ಇಯರ್ ಆಫ್ಟರ್ ಇಯರ್. ಇಟ್ಸ್ ಅಮೇಜಿಂಗ್.”

“ಅದನ್ನ ಯಾರು ಅಳೆದರು ಅಂತ ಬರ್ದಿದ್ಯಾ?”

“ಇಟ್ಸ್ ಅಫಿಶಿಯಲ್ ಡೇಟಾ. ಯೂ ಕಾಂಟ್ ಆರ್ಗ್ಯೂ ವಿತ್ ಡೇಟಾ.”

“ಅಂಥ ಡೇಟಾ ಬರೆಯೋ ಪೆನ್ನು ನನ್ನ ಕೈಯಲ್ಲಿತ್ತು ಕಣೇ! ಕಿತ್ಕೊಂಡು ಬರೆದ್ರು!” ಚಿದಾನಂದ ಕೂಗಿದ ರಭಸಕ್ಕೆ ಸಾರಿನ ಸೌಟು ಕೆಳಗೆ ಬಿತ್ತು.

“ರೀ, ಫ್ಯಾಕ್ಟರಿ ಕೋಪ ಮಗು ಮೇಲೆ ಯಾಕ್ರೀ?” ನಿರುಪಮಾ ಗದರಿದಳು. ವಿಭಾ ತಟ್ಟೆ ಬಿಟ್ಟು ಎದ್ದು ಹೋದಳು. ಅವನು ಅನ್ನ ಕಲಸಿಕೊಂಡೇ ಕೂತ. ಚೀನಾದಲ್ಲಿ ತಾನು ಕಂಡದ್ದೂ ನಿಜ, ಮಗಳು ಹೇಳುವುದೂ ಪೂರ್ತಿ ಸುಳ್ಳಲ್ಲ. ಅದನ್ನು ಬಿಡಿಸಿ ಹೇಳುವ ತಾಳ್ಮೆ ಆ ಹೊತ್ತಿಗೆ ಅವನಲ್ಲಿ ಉಳಿದಿರಲಿಲ್ಲ.

ಅವನು ತನ್ನ ಹೆಸರಿನಲ್ಲೇ ಅಂಕಿಅಂಶ ಕಚೇರಿಯ ಮುಖ್ಯಸ್ಥರಿಗೆ ಎರಡು ಪುಟದ ಪತ್ರ ಬರೆದ. ಉತ್ತರ ಬರಲಿಲ್ಲ. ಮೇ ತಿಂಗಳಲ್ಲಿ ಪತ್ರಿಕೆಗಳು ದೇಶದ ಅರ್ಥವ್ಯವಸ್ಥೆ ಚೆನ್ನಾಗಿ ಬೆಳೆದಿದೆ, ಕಾರ್ಖಾನೆಗಳೂ ಬೆಳೆದಿವೆ ಎಂದು ದೊಡ್ಡಕ್ಷರದಲ್ಲಿ ಹಾಕಿದವು. ಕಿಶನ್‌ಗೆ ಪ್ರಶಸ್ತಿ ಬಂತು. ಹೋಟೆಲಿನಲ್ಲಿ ನಡೆದ ಸಮಾರಂಭಕ್ಕೆ ಚಿದಾನಂದ ಹೊಟ್ಟೆನೋವೆಂದು ಹೋಗಲಿಲ್ಲ.

ಕೆಲಸ ಬಿಟ್ಟು ಬಿಡಬಹುದಿತ್ತು. ಬಿಡುತ್ತೇನೆ ಎಂದು ನಿರುಪಮಾಳ ಮುಂದೆ ಹೇಳಿಯೂ ಆಗಿತ್ತು. ಆದರೆ ಆಗಸ್ಟಿನಲ್ಲಿ ಅವನ ವರ್ಕ್ ಪರ್ಮಿಟ್ ಮುಗಿಯುತ್ತಿತ್ತು, ಅದಿಲ್ಲದೆ ಆ ದೇಶದಲ್ಲಿ ಇರುವಂತಿರಲಿಲ್ಲ. ವಿಭಾಳ ಕೊನೆಯ ಪರೀಕ್ಷೆಗೆ ಇನ್ನೂ ಹತ್ತು ತಿಂಗಳಿತ್ತು. ಕಿಶನ್ ಅರ್ಜಿಯನ್ನು ತಾನೇ ಟೈಪು ಮಾಡಿಸಿ ಮುಂದಿಟ್ಟ.

“ಅಂಕಲ್, ನಾನು ಎಲ್ಲಾ ರೆಡಿ ಮಾಡಿಸಿದ್ದೀನಿ. ಸಹಿ ಮಾಡಿ ಸಾಕು.”

ಅರ್ಜಿದಾರರ ಹುದ್ದೆ: ಪ್ರೊಡಕ್ಷನ್ ಮ್ಯಾನೇಜರ್. ಜವಾಬ್ದಾರಿ: ವರ್ಷಕ್ಕೆ ಹನ್ನೊಂದು ಲಕ್ಷ ಬೀಗಗಳ ತಯಾರಿಕೆಯ ಮೇಲ್ವಿಚಾರಣೆ. ಇಂಥ ಪರಿಣತಿ ಇರುವವರು ಸ್ಥಳೀಯವಾಗಿ ಸಿಗುವುದಿಲ್ಲ.

ಚಿದಾನಂದ ಕೊನೆಯ ವಾಕ್ಯವನ್ನು ಎರಡು ಸಲ ಓದಿದ. “ಕಿಶನ್, ಪರಿಣತಿ ಇರೋನು ಕಮುಕುಂಜಿಯಲ್ಲಿದ್ದಾನೆ. ನಾವೇ ಕಳಿಸಿದ್ದು.”

“ಹಾಗಾದ್ರೆ ಏನು ಬರೀಲಿ? ಪ್ಯಾಕಿಂಗ್ ಸೂಪರ್‌ವೈಸರ್ ಅಂತ ಬರೆದರೆ ಪರ್ಮಿಟ್ ಕೊಡಲ್ಲ. ಸೊನ್ನೆ ಬೀಗ ಅಂತ ಬರೆದರೆ ಮ್ಯಾನೇಜರ್ ಯಾಕೆ ಬೇಕು ಅಂತ ಕೇಳ್ತಾರೆ.” ಕಿಶನ್ ಕುಹಕವಿಲ್ಲದೆ, ನಿಜವಾದ ಕಳಕಳಿಯಿಂದಲೇ ಹೇಳಿದ. “ನೀವೇ ಹೇಳಿ, ಅಂಕಲ್.”

ಚಿದಾನಂದ ಅರ್ಜಿಯನ್ನು ಹತ್ತಿರ ಎಳೆದುಕೊಂಡ. ಪೆನ್ಸಿಲ್ ಹಿಡಿಯದೆ ನೇರವಾಗಿ ಪೆನ್ನಿನಲ್ಲೇ ಸಹಿ ಹಾಕಿದ. ಎರಡು ವರ್ಷಕ್ಕೆ ಪರ್ಮಿಟ್ ಸಿಕ್ಕಿತು.

ಮುಂದಿನ ಶನಿವಾರ ಅವನು ಕಮುಕುಂಜಿಗೆ ಹೋದ. ಸುತ್ತಿಗೆಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಓಚಿಯೆಂಗ್‌ನ ಕಿವಿಯ ಹತ್ತಿರ ಬಾಗಿ ಅರ್ಜಿಯ ಕಥೆಯನ್ನೆಲ್ಲ ಹೇಳಿದ, ತಪ್ಪೊಪ್ಪಿಕೊಳ್ಳುವವನ ಹಾಗೆ. ಅವನು ಬಯ್ಯಲಿ ಎಂದು ಕಾದ. ಓಚಿಯೆಂಗ್ ಬಯ್ಯಲಿಲ್ಲ.

“ಮಗಳು ಚೆನ್ನಾಗಿ ಓದುತ್ತಿದ್ದಾಳಾ, ಬಾಸ್?”

“ಓದ್ತಿದ್ದಾಳೆ.”

“ಸವಾ,” ಎಂದ ಓಚಿಯೆಂಗ್. ಸರಿ, ಅಷ್ಟೇ. ಒಂದು ಕೀಲನ್ನೂ ಅರವನ್ನೂ ಅವನ ಕಡೆ ಚಾಚಿದ. “ಸುಮ್ಮನೆ ಕೂರಬೇಡಿ. ಇದರ ಅಂಚು ಉಜ್ಜಿ.”

ಚಿದಾನಂದ ಕಲ್ಲಿನ ಮೇಲೆ ಕೂತು ಉಜ್ಜತೊಡಗಿದ. ಕಿಶನ್, ಏಳನೇ ಮಹಡಿ, ‘ವ್ಯತ್ಯಾಸ’ದ ಸಾಲು, ತನ್ನದೇ ಸಹಿ ಎಲ್ಲವೂ ಕೈಗೆ ಇಳಿದವು. ಉಜ್ಜಿ ಉಜ್ಜಿ ಅಂಚು ಓರೆಯಾಗಿ, ತಗಡು ತೆಳುವಾಗಿ, ಕೀಲು ಯಾವ ಬಾಗಿಲಿಗೂ ಆಗದಂತಾಯಿತು. ಓಚಿಯೆಂಗ್ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, ನೋಡಿ, ಗುಜರಿಯ ರಾಶಿಗೆ ಎಸೆದು, ಇನ್ನೊಂದನ್ನು ಕೊಟ್ಟ.