ಬೆರಳ ತುದಿಯಲ್ಲಿ ಚೆಂಡು: ಚೆಲುವಯ್ಯ ಒಪ್ಪಿಕೊಂಡ ತಪ್ಪು

ಬೆಳಗಿನ ಐದೂವರೆ. ರಾಮನಗರದ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಚೆಲುವಯ್ಯ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದಾರೆ. ಆರಕ್ಕೆ ಹುಡುಗಿಯರು ಬರುತ್ತಾರೆ, ಏಳಕ್ಕೆ ಹೊರಡುತ್ತಾರೆ. ಹೆಚ್ಚಿನವರದು ರೇಷ್ಮೆ ನೂಲು ತೆಗೆಯುವ ಮನೆ. ಅಲ್ಲಿ ಚರಕ ತಿರುಗಲು ಅವರ ಕೈಯೂ ಬೇಕು.

ಹನ್ನೊಂದು ಹುಡುಗಿಯರು, ಮೂರು ಚೆಂಡು, ಹದಿನಾಲ್ಕು ವರ್ಷ. ಇಷ್ಟಾದರೂ ಹಾಜರಿ ಪುಸ್ತಕದಲ್ಲಿ ಚೆಲುವಯ್ಯ ಬರೀ ಅಟೆಂಡರ್. ಮಾಗಡಿ ತಾಲ್ಲೂಕಿನ ಕಲ್ಯದ ರೈತರ ಮಗ, ಹರೆಯದಲ್ಲಿ ಕಬಡ್ಡಿಯಲ್ಲಿ ಹೆಸರು ಮಾಡಿದವರು. ಕೋಚ್ ಇಲ್ಲದ ಕಾಲೇಜು, ಯಾವ ಆಟವಾದರೇನು ಎಂದು ಇವರ ಕೈಗೇ ಸೀಟಿ ಕೊಟ್ಟಿತು. ತಂಡ ಇನ್ನೂ ವಲಯ ಮಟ್ಟ ದಾಟಿಲ್ಲ. ಅದನ್ನು ಅವರು ಮುಚ್ಚಿಡುವುದಿಲ್ಲ.

ಅವರು ಮುಚ್ಚಿಡದ ಇನ್ನೊಂದು ಸಂಗತಿಯಿದೆ. ಎರಡು ವರ್ಷದ ಹಿಂದೆ, 2006ರಲ್ಲಿ, ನೂಲು ತೆಗೆಯುವ ರೀಲರ್ ಇದ್ರೀಸ್ ಅವರ ಮಗಳು ಕರೀಮುನ್ನೀಸಾ ತಂಡಕ್ಕೆ ಸೇರಿದಳು. ಚೆಂಡನ್ನು ಅಂಗೈಗೆ ತಾಕಿಸದೆ ಬೆರಳ ತುದಿಯಲ್ಲೇ ಹಿಡಿಯುತ್ತಿದ್ದಳು. ಕಬಡ್ಡಿಯವರ ಕಣ್ಣಿಗೆ ಅದು ಅಳುಕಿನಂತೆ ಕಂಡಿತು. ಬಾಚಿ ಹಿಡಿ ಎಂದು ದಿನವೂ ಗದರಿದರು, ಕೊನೆಗೊಂದು ದಿನ ಎಲ್ಲರೆದುರು ಬೈದು ಬೆಂಚಿನ ಮೇಲೆ ಕೂರಿಸಿದರು. ಮರುದಿನದಿಂದ ಅವಳು ಬರಲಿಲ್ಲ. ಕಾಲೇಜನ್ನೂ ಬಿಟ್ಟು ಬಿಡದಿಯ ಕಾರ್ಖಾನೆಗೆ ಸೇರಿದಳು.

ಕಳೆದ ವರ್ಷ ಬೆಂಗಳೂರಿನ ಶಿಬಿರವೊಂದರಲ್ಲಿ, ಚೆಂಡು ಅಂಗೈಗೆ ತಾಕಬಾರದು ಎಂದು ಹೇಳಿಕೊಟ್ಟರು. ಅವತ್ತು ಚೆಲುವಯ್ಯನವರಿಗೆ ಊಟ ಸೇರಲಿಲ್ಲವಂತೆ.

"ಬಿಸ್ನೀರಲ್ಲಿ ರೇಷ್ಮೆ ಗೂಡಿಂದ ಎಳೆ ಹುಡ್ಕೋ ಕೈ ಅದು. ಒಸಿ ಬಿಗಿಯಾಗಿ ಹಿಡುದ್ರೆ ಎಳೆ ಕಿತ್ತೋಯ್ತದೆ. ಆ ಮಗೀಗೆ ಮನೇಲೇ ಬಂದಿದ್ದ ವಿದ್ಯೆ, ನಾನು ಮರೆಸೋಕೆ ಹೊಂಟಿದ್ದೆ" ಎನ್ನುತ್ತಾರೆ.

ಅವಳು ಮತ್ತೆ ಕಾಲೇಜು ಸೇರಲು ಅರ್ಜಿ ಕೊಡಬೇಕು. ಅದಕ್ಕೆ ಈ ಶನಿವಾರವೇ ಕೊನೆಯ ದಿನ, ತಪ್ಪಿದರೆ ಓದೂ ಆಟವೂ ಮುಗಿದಂತೆ. ಚೆಲುವಯ್ಯ ಮನೆಗೆ ಹೋಗಿ ಇದ್ರೀಸ್ ಅವರನ್ನು ಒಪ್ಪಿಸಿದ್ದಾರೆ. ಮಗಳನ್ನೇ ಕೇಳಿ ಎಂದರಂತೆ ಇದ್ರೀಸ್. ಅವಳೆದುರು ನಿಲ್ಲಲು ಮಾತ್ರ ಇವರಿಗೆ ಮುಖವಿಲ್ಲ.

ಶುಕ್ರವಾರ ಅಭ್ಯಾಸ ಮುಗಿದ ಮೇಲೆ ನನ್ನನ್ನೂ ಕರೆದುಕೊಂಡು ಕಾರ್ಖಾನೆ ಬಸ್ಸು ನಿಲ್ಲುವಲ್ಲಿಗೆ ನಡೆಯುತ್ತಾರೆ. ಕರೀಮುನ್ನೀಸಾ ಊಟದ ಡಬ್ಬಿ ಹಿಡಿದು ನಿಂತಿದ್ದಾಳೆ. ಚೆಲುವಯ್ಯ ಪೀಠಿಕೆ ಹಾಕುವುದಿಲ್ಲ.

"ತಪ್ಪು ನಂದು ಕಣವ್ವ. ನಿನ್ ಕೈ ಸರಿಯಾಗೇ ಇತ್ತು."

ಅವರು ಚಾಚಿದ ಅರ್ಜಿಯನ್ನು ಅವಳು ಪೂರ್ತಿ ಓದಿ, ಮಡಿಸಿ, ಡಬ್ಬಿಯ ಚೀಲದೊಳಗೆ ಇಡುತ್ತಾಳೆ. "ಎಲ್ರ ಮುಂದೆ ಕೂರ್ಸಿದ್ರಿ ಸರ್. ಈ ಮಾತೂ ಎಲ್ರ ಮುಂದೇನೇ ಹೇಳಿ" ಎಂದು ಬಸ್ಸು ಹತ್ತುತ್ತಾಳೆ.

ಶನಿವಾರ ಆರು ಗಂಟೆಗೆ ಚೆಲುವಯ್ಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಆದದ್ದನ್ನು ಒಂದೂ ಬಿಡದೆ ಹೇಳುತ್ತಾರೆ. ಐವತ್ತು ದಾಟಿದ ಮನುಷ್ಯ ಹೀಗೆ ನಿಂತದ್ದು ಕಂಡು ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. ಗೇಟಿನ ಬಳಿ ನಿಂತು ಕೇಳಿದ ಕರೀಮುನ್ನೀಸಾ ಒಳಗೆ ಬಂದು, ಬೆಂಚಿನ ಮೇಲಿಟ್ಟು ಅರ್ಜಿಗೆ ಸಹಿ ಹಾಕುತ್ತಾಳೆ.

ಇನ್ನೇನು ಆಸೆ ಎಂದು ಚೆಲುವಯ್ಯನವರನ್ನು ಕೇಳಿದೆ.

"ಅವ್ಳು ಆಡೋವಾಗ ಒಂದ್ ಮ್ಯಾಚು ಪೂರ್ತಿ ನಾನು ಬಾಯಿ ಮುಚ್ಕೊಂಡು ಕೂತಿರ್ಬೇಕು. ಅಷ್ಟು ಆದ್ರೆ ಸಾಕು."