ಮಿಲಿಟರಿ ಮಾಲಿನ ಅಂಗಡಿ

ನಲವತ್ತು ದಾಟಿದ ಮೇಲೆ ಕೆಲವರಿಗೆ ಇಸ್ಪೀಟು ಹಿಡಿಯುತ್ತದೆ, ಕೆಲವರಿಗೆ ಭಜನೆ. ನನಗೆ ಅಂಗಡಿ ಹಿಡಿಯಿತು.

ಅದೂ ಎಂಥ ಅಂಗಡಿ? ಕಿರಾಣಿಯಲ್ಲ, ಅರಿವೆ ಅಂಗಡಿಯೂ ಅಲ್ಲ. ಬಯಲಲ್ಲಿ ಇರುವವರಿಗೆ ಬೇಕಾಗುವ ಹಳೆಯ ಸಾಮಾನಿನ ಅಂಗಡಿ: ಡೇರೆ, ಕ್ಯಾನ್ವಾಸ್ ಚೀಲ, ನೀರಿನ ಬಾಟಲಿ, ಉಣ್ಣೆಯ ಓವರ್‌ಕೋಟು. ಬೆಳಗಾವಿ ಕ್ಯಾಂಪಿನಲ್ಲಿ ಮಿಲಿಟರಿಯವರು ತೆಗೆದುಹಾಕಿದ್ದನ್ನು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿಯುವ ಧಂದೆ ನನ್ನ ಹೆಂಡತಿಯ ತಮ್ಮನದು. ಅವನ ಗೋದಾಮಿನ ವಾಸನೆ ಒಮ್ಮೆ ಮೂಗಿಗೆ ಬಡಿದದ್ದೇ ತಡ, ಬೈಲಹೊಂಗಲದ ಸಾಲಿಯಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿದ ನನಗೆ ಮಾಸ್ತರಕಿ ಸಪ್ಪೆ ಎನಿಸಿತು. ಭೂಮಿಯ ಬಗ್ಗೆ ಅಷ್ಟು ಮಾತಾಡಿದವನು ಅದರ ಮೇಲೆ ಬಯಲಲ್ಲಿ ಒಂದು ರಾತ್ರಿಯಾದರೂ ಮಲಗಿರಲಿಲ್ಲ ಎಂಬುದು ಬೇರೆ ಮಾತು.

ಗಿರಾಕಿಗಳ ಲೆಕ್ಕ ನನ್ನ ತಲೆಯಲ್ಲಿ ಪಕ್ಕಾ ಇತ್ತು. ಶೇಂಗಾ ಹೊಲ ಕಾಯುವವರು, ಮುರಗೋಡದ ದಾರಿಗುಂಟ ಕುರಿ ಹೊಡೆಯುವವರು, ಬಂಡಿ ಕಟ್ಟಿಕೊಂಡು ಸವದತ್ತಿ ಗುಡ್ಡದ ಜಾತ್ರೆಗೆ ಹೋಗಿ ಬಯಲಲ್ಲೇ ಒಲೆ ಹೂಡುವವರು. ನಮ್ಮ ಸೀಮೆಯ ಅರ್ಧ ಮಂದಿ ಹೊರಗೇ ಇರುತ್ತಾರೆ. ಮಾಲು ಸಾಲದೆ ಹೋದರೆ ಹೇಗೆ ಎಂಬುದೊಂದೇ ನನ್ನ ಚಿಂತೆ. ಹೆಂಡತಿ ಜೋಳ ಹಸನು ಮಾಡುತ್ತ ಎಲ್ಲ ಕೇಳಿದಳು.

"ಹೊರಗ ಮಲಗೋರಿಗೆ ಡೇರೆ ಯಾಕ್ರಿ? ಒಳಗ ಮಲಗೋ ಮನಸಿದ್ರ ಮನ್ಯಾಗ ಮಲಗತಾರ," ಎಂದಳು. ನಾನು ಗಿರಾಕಿಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಹೇಳಿದೆ. ಕಡೆಗೆ ಅವಳೇ ರಾಜಿಯ ಒಂದು ತೋಡು ತೆಗೆದಳು. "ತಿಂಗಳಾ ತಿಂಗಳಾ ಪಗಾರ ಬರೋ ನೌಕರಿ ಐತಿ. ಅದನ್ನ ಬಿಡೂಕಿಂತ ಮೊದ್ಲ ಒಂದು ಸಂತಿ ಮಾಡಿ ನೋಡ್ರಿ." ಸಂತೆ ಗೆದ್ದರೆ ರಾಜೀನಾಮೆ, ಸೋತರೆ ಸಾಲಿ. ಹೀಗೆ ನಮ್ಮಿಬ್ಬರಲ್ಲಿ ಕರಾರಾಯಿತು.

ಮಾಲು ಬಂತು. ಮಾರುವವನಿಗೆ ಡೇರೆ ಹಾಕಲು ಬರಬೇಕಲ್ಲ ಎಂದು ಅಂಗಳದಲ್ಲಿ ಹಾಕಿ ನೋಡಿದೆ. ಎರಡು ಗೂಟ ಮಿಕ್ಕವು. ಅವು ಎಲ್ಲಿಗೆ ಬೇಕಾಗಿದ್ದವು ಎಂಬುದು ಡೇರೆ ನನ್ನ ಮೇಲೆ ಬಿದ್ದಾಗ ತಿಳಿಯಿತು.

ಹಳೆಯದನ್ನು ಕೊಳ್ಳುವುದು ನಮ್ಮ ಮಂದಿಗೆ ಗೊತ್ತಿಲ್ಲವೆಂದಲ್ಲ. ಎತ್ತು ಕೊಳ್ಳುತ್ತಾರಲ್ಲ, ಹೊಸ ಎತ್ತು ಎಂಬುದು ಎಲ್ಲಾದರೂ ಸಿಗುತ್ತದೆಯೇ? ಆದರೆ ದನದ ಪೇಟೆಯಲ್ಲಿ ಹಲ್ಲು ನೋಡುವುದಕ್ಕೂ ಮೊದಲು ಯಾರ ಮನೆಯದು, ಯಾಕೆ ಮಾರುತ್ತಾರೆ ಎಂದು ಕೇಳುತ್ತಾರೆ. ಎತ್ತು ಹಾಗಿರಲಿ, ಪಾತ್ರೆಗೂ ಇದೇ ಮಾತು. ಕೊಡದ ಕೊರಳಲ್ಲಿ ಕೊಟ್ಟವರ ಹೆಸರು ಕೊರೆಯದೆ ಯಾರೂ ಮದುವೆಯಲ್ಲಿ ಕೊಡ ಕೊಡುವುದಿಲ್ಲ. ನಮ್ಮ ಮನೆಯ ತಂಬಿಗೆಯೊಂದರ ಮೇಲೆ ರಾಮದುರ್ಗದ ಸೋದರತ್ತೆಯ ಹೆಸರಿದೆ. ಅವಳು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ನಮಗೆ ಅದು 'ಅತ್ತೀ ತಂಬಿಗಿ'. ವಾರಸುದಾರರಿಲ್ಲದ ವಸ್ತು ನಮ್ಮಲ್ಲಿ ಇಲ್ಲವೇ ಇಲ್ಲ. ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಬಾಂಗ್ಲಾ ಲಡಾಯಿ ಮುಗಿದ ಮರುವರ್ಷದ ಚಳಿಗಾಲ ಅದು. ಸಂತೆಯ ದಿನ ರಜೆ ಹಾಕಿ, ಮನೆಯ ಕಟ್ಟೆಯ ಮೇಲೆ ಮಾಲು ಹರವಿ ಕುಳಿತೆ. ಬಾಟಲಿಗಳು ಬಿಸಿ ಮಿರ್ಚಿ ಭಜಿಯಂತೆ ಹೋದವು. ಚೀಲಗಳೂ ಹೋದವು. ಹುರುಪು ಬಂತು, ರಾಜೀನಾಮೆಯ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದುಬಿಟ್ಟೆ. ಆಗ ನೇಸರಗಿಯ ಅಡಿವೆಪ್ಪ ಎಂಬ ಮುದುಕ ಬಂದು ಒಂದು ಕೋಟನ್ನು ಎತ್ತಿಕೊಂಡ. ಹೊಲಿಗೆ ಜಗ್ಗಿದ, ಗುಂಡಿ ತಿರುವಿದ, ಮೂಸಿಯೂ ನೋಡಿದ.

"ಯಾರ್ದು ಮಾಸ್ತರ್ರ ಇದು?"

"ಮಿಲಿಟರೀದು, ಕಾಕಾ."

"ಮಿಲಿಟರಿ ಅಂದ್ರ? ಯಾರ ಮಗಂದು?"

ಕೊರಳಪಟ್ಟಿಯ ಒಳಗೆ ಕರಿ ಶಾಯಿಯಲ್ಲಿ ಒಂದು ನಂಬರಿತ್ತು. ಅದನ್ನೇ ತೋರಿಸಿದೆ. ಅವನು ಬೆರಳಿನಿಂದ ಸುತ್ತಲೂ ಹೆಸರು ಹುಡುಕಿದ.

"ಇದನ್ನ ಹಾಕ್ಕೊಂಡಿದ್ದ ಹುಡುಗ ಊರಿಗೆ ಬಂದಾನೋ, ಇಲ್ಲೋ?"

ಬಂದಾನ ಎಂದರೆ ಮುಗಿಯುತ್ತಿತ್ತು. ವ್ಯಾಪಾರಕ್ಕೆ ಕುಂತವನಿಗೆ ಅದೆಷ್ಟರ ಮಾತು? ಆದರೂ ಗೊತ್ತಿಲ್ಲ ಎಂದೆ. ಮುದುಕ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಂತ. ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ.

"ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಂದಾನ ಅಂತ ತಿಳಕೊಂಡು ಹಾಕ್ಕೋತೇನಿ," ಎಂದ.

ರೊಕ್ಕ ಕೊಟ್ಟು, ಅಲ್ಲೇ ತೊಟ್ಟುಕೊಂಡು ಬಸ್ಸಿಗೆ ಹೋದ. ತೋಳು ಅವನ ಬೆರಳು ದಾಟಿ ಇಳಿದಿತ್ತು, ಹುಡುಗ ಎತ್ತರದವನಿರಬೇಕು. ಕಟ್ಟೆಯ ಮೇಲಿದ್ದ ಕೋಟುಗಳ ಕೊರಳಪಟ್ಟಿಯನ್ನು ಒಂದೊಂದಾಗಿ ತಿರುವಿ ನೋಡಿದೆ, ಎಲ್ಲದರಲ್ಲೂ ಬರೀ ನಂಬರು.

ಉಳಿದ ಕೋಟುಗಳನ್ನು ಒಳಗೆ ತಂದು, ಬೆಳಗಾವಿಗೆ ವಾಪಸು ಕಳಿಸಲು ಗಂಟು ಕಟ್ಟತೊಡಗಿದೆ. ಹೆಂಡತಿಗೆ ಸೋಜಿಗ. ಕರಾರಿನ ಪ್ರಕಾರ ಸಂತೆ ಗೆದ್ದಿತ್ತು, ಅವಳೂ ಮೆತ್ತಗಾಗಿದ್ದಳು. ಮುದುಕ ಕೇಳಿದ್ದನ್ನೂ ನಾನು ಗೊತ್ತಿಲ್ಲ ಎಂದದ್ದನ್ನೂ ಹೇಳಿದೆ.

"ಗೊತ್ತಿಲ್ಲದ್ದನ್ನ ಗೊತ್ತಿದ್ದಂಗ ಹೇಳೋದು ನಿಮಗೇನು ಹೊಸಾದೇನ್ರಿ? ಕಣ್ಣಿಲೆ ನೋಡದ ಹಿಮಾಲಯಾನ ಇಷ್ಟು ವರ್ಷ ಕಲಿಸೀರಿ. ಒಂದು ಕೋಟು ನೋಡಿ ಬಾಯಿ ಕಟ್ಟಿತೇನು?"

ಮಾತು ಖರೇ. ರಾಜೀನಾಮೆ ಬರೆಯದೆ ಮರುದಿನ ಸಾಲಿಗೆ ಹೋಗಿ ಹಿಮಾಲಯವನ್ನೇ ಕಲಿಸಿದೆ, ಎತ್ತರ, ಉದ್ದ, ಶಿಖರಗಳ ಹೆಸರು ಸಮೇತ. ಸರಾಗವಾಗಿ ಬಂತು. ಹಿಮಾಲಯ ಮನೆಗೆ ಬಂತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.